ಸೊಸೆಗೆ ಮಾತ್ರ ಟೆಸ್ಟ್ ಸಾಕಾ?

'ಮೂರು ಸಲ ಬಸಿರು ನಿಲ್ಲಲಿಲ್ಲ. ಸೊಸೆಗೆ ಏನಾಗಿದೆ ನೋಡಿ ಡಾಕ್ಟ್ರೇ.'

ಡೊಂಬಿವಲಿಯ ನನ್ನ ಕ್ಲಿನಿಕ್‌ಗೆ ಬರುವ ಕನ್ನಡದ ಅತ್ತೆಯಂದಿರು ಹೀಗೇ ಶುರು ಮಾಡುತ್ತಾರೆ. ಈ ಅತ್ತೆಗೂ ಹೇಳಿದೆ, ಮಗನ ರಕ್ತವೂ ಬೇಕು. ಮಗ ಹೋಟೆಲ್ ನಡೆಸುವವರು. ನಕ್ಕರು. 'ನನಗ್ಯಾಕೆ ಮೇಡಂ? ಜ್ವರ ಬಂದೇ ಎಷ್ಟೋ ವರ್ಷ ಆಯ್ತು.'

ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಜೋಡಿ ಜೋಡಿಯಾಗಿರುವ ವಂಶವಾಹಿಗಳ ಕಟ್ಟು. ಅವನ್ನು ನೋಡುವ ಟೆಸ್ಟ್ ಕ್ಯಾರಿಯೋಟೈಪ್, ಅದಕ್ಕೆ ಬೇಕಾದದ್ದು ಸ್ವಲ್ಪ ರಕ್ತ. ಲ್ಯಾಬ್‌ನಲ್ಲಿ ಅದರ ಬಿಳಿ ಕಣಗಳನ್ನು ಸುಮಾರು 72 ಗಂಟೆ ಬೆಳೆಸಿ, ಬಣ್ಣ ಹಾಕಿ, ಕ್ರೋಮೋಸೋಮ್‌ಗಳ ಪಟ್ಟೆ ನೋಡುತ್ತಾರೆ. ಸೊಸೆಯದು ನಾರ್ಮಲ್ ಬಂತು. ಮಗನದೂ ಲೆಕ್ಕಕ್ಕೆ 46 ಸರಿಯಾಗಿತ್ತು. ಆದರೆ 3ನೇ ಕ್ರೋಮೋಸೋಮಿನ ತುದಿ 10ಕ್ಕೆ, 10ರ ತುದಿ 3ಕ್ಕೆ ಅಂಟಿತ್ತು. ಬ್ಯಾಲೆನ್ಸ್ಡ್ ಟ್ರಾನ್ಸ್‌ಲೊಕೇಶನ್ ಅನ್ನುತ್ತೇವೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇಂಥದ್ದು ಇರುತ್ತದೆ. ಜಾಸ್ತಿ ಜನಕ್ಕೆ ಗೊತ್ತೇ ಆಗುವುದಿಲ್ಲ.

ಅವರಿಗೆ ಹೋಟೆಲಿನ ಲೆಕ್ಕದಲ್ಲೇ ಹೇಳಿದೆ. ಎರಡು ಊಟದ ಕ್ಯಾರಿಯರ್. ಒಂದರಲ್ಲಿ ಅನ್ನ, ಸಾರು. ಇನ್ನೊಂದರಲ್ಲಿ ಚಪಾತಿ, ಪಲ್ಯ. ಹುಡುಗ ಸಾರಿನ ಡಬ್ಬಿ ಅಲ್ಲಿಗೆ, ಪಲ್ಯದ ಡಬ್ಬಿ ಇಲ್ಲಿಗೆ ಇಟ್ಟುಬಿಟ್ಟ. ಎರಡೂ ಒಂದೇ ಮನೆಗೆ ಹೋದರೆ ಊಟಕ್ಕೇನು ಕಮ್ಮಿ? ನಿಮ್ಮ ಮೈ ಹಾಗಿದೆ. ಜೊತೆಗೆ ಅದಲಾಗದ ಒಂದು 3, ಒಂದು 10 ಕೂಡ ನಿಮ್ಮಲ್ಲಿವೆ. ಆದರೆ ಮಗುವಿಗೆ ಹೋಗುವುದು ಪ್ರತಿ ಜೋಡಿಯಲ್ಲಿ ಒಂದೇ. ಅದಲಾದ ಅನ್ನದ ಕ್ಯಾರಿಯರ್ ಜೊತೆ ಸರಿಯಿರುವ ಚಪಾತಿ ಕ್ಯಾರಿಯರ್ ಹೋಯಿತು ಅನ್ನಿ. ಪಲ್ಯ ಎರಡಾಯಿತು, ಸಾರೇ ಇಲ್ಲ.

ಅಂಥ ಬಸಿರು ಎಷ್ಟೋ ಸಲ ನಿಲ್ಲುವುದಿಲ್ಲ. ನಿಂತರೂ ಮಗುವಿಗೆ ತೊಂದರೆ ಇರಬಹುದು. ಸರಿಯಿರುವ ಎರಡೂ, ಇಲ್ಲವೇ ಅದಲಾದ ಎರಡೂ ಹೋದರೆ ಮಗು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಇವರದ್ದಲ್ಲದ ಇನ್ನೊಂದು ಥರದಲ್ಲಿ, ಎರಡು 21ನೇ ಕ್ರೋಮೋಸೋಮ್‌ಗಳೇ ಒಂದಕ್ಕೊಂದು ಅಂಟಿದ್ದರೆ ಮಾತ್ರ ಕಷ್ಟ. ಆಗ ಹುಟ್ಟುವ ಮಗುವಿಗೆ ಹೆಚ್ಚುಕಡಿಮೆ ಖಂಡಿತ ಡೌನ್ ಸಿಂಡ್ರೋಮ್. ಪುಣ್ಯಕ್ಕೆ ಅದು ಅಪರೂಪ.

'ಸಂಬಂಧದಲ್ಲೇ ತಂದುಕೊಂಡಿದ್ದಕ್ಕೆ ಹೀಗಾಯ್ತಾ?' ಅತ್ತೆ ಕೇಳಿದರು. ಇಲ್ಲ. ಅದರಿಂದ ಬರುವ ಕಾಯಿಲೆಗಳೇ ಬೇರೆ, ಇದು ಬೇರೆ.

ಮುಂದಿನ ಬಸಿರಿನಲ್ಲಿ 11ರಿಂದ 13 ವಾರದೊಳಗೆ ಮಾಸಿನ ಚೂರು, ಇಲ್ಲವೇ 16 ವಾರದ ಮೇಲೆ ಗರ್ಭದ ನೀರು ತೆಗೆದು ಮಗುವಿನ ಕ್ರೋಮೋಸೋಮ್ ನೋಡಬಹುದು. ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ, 1994ರ ಕಾನೂನು ಬಿಡುವುದಿಲ್ಲ. ಮೈ ಹೊರಗೆ ಲ್ಯಾಬ್‌ನಲ್ಲಿ ಭ್ರೂಣ ಮಾಡುವ ಐವಿಎಫ್‌ನಲ್ಲಿ ಭ್ರೂಣ ನೋಡಿ ಆರಿಸುವ ದಾರಿಯೂ ಇದೆ, ಖರ್ಚು ಜಾಸ್ತಿ.

ಹುಬ್ಬಳ್ಳಿಯಲ್ಲಿರುವ ಮಗನ ತಂಗಿಗೂ ಟೆಸ್ಟ್ ಮಾಡಿಸಿ ಅಂದೆ. ಅತ್ತೆ ಸುಮ್ನೆ ಕೂತಿದ್ದರು. ಆಮೇಲೆ ಮೆಲ್ಲಗೆ, 'ಹಾಗಾದ್ರೆ ಇದು ಇವನಿಗೆ ನನ್ನಿಂದ ಬಂದಿರಬಹುದಾ?'

ಬಂದಿರಬಹುದು, ಅವರಪ್ಪನಿಂದಲೂ ಬಂದಿರಬಹುದು, ಇವರಲ್ಲೇ ಹೊಸದಾಗಿ ಆಗಿರಲೂಬಹುದು ಅಂದೆ. ಅವರು ಸೆರಗು ಸರಿಸಿ ತೋಳು ಮುಂದೆ ಚಾಚಿದರು.