ಕೋಳಿ ತಳಿ ಗುರುತಿಸುವಾಗ ಬಣ್ಣ ಕೊನೆಗೆ

ಕೋಳಿ ತಳಿ ಗುರುತಿಸುವ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಿಳಿ ಕೋಳಿ ಕಂಡ ಕೂಡಲೇ ‘ವೈಟ್ ಲೆಗ್‌ಹಾರ್ನ್’ ಎಂದು ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಅದು ವೈಟ್ ಪ್ಲಿಮತ್ ರಾಕ್. ಎರಡಕ್ಕೂ ಬಿಳಿ ಪುಕ್ಕ, ಹಳದಿ ಕಾಲು, ಗರಗಸದಂಥ ಒಂಟಿ ಜುಟ್ಟು. ಆದರೆ ಲೆಗ್‌ಹಾರ್ನ್‌ನ ಕಿವಿ ಹಾಲೆ ಬಿಳಿ, ಮೈ ಹಗುರ. ಹೇಂಟೆಯ ಜುಟ್ಟು ದೊಡ್ಡದಾಗಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಪ್ಲಿಮತ್ ರಾಕ್‌ನ ಹಾಲೆ ಕೆಂಪು, ಮೈ ಭಾರ. ಆಮೇಲಿಂದ ನನ್ನ ಕ್ರಮ ಇದು: ಜುಟ್ಟು, ಕಿವಿ ಹಾಲೆ, ಕಾಲು, ಮೈಕಟ್ಟು. ಪುಕ್ಕದ ಬಣ್ಣ ಕಟ್ಟಕಡೆಗೆ.

ಕಿವಿ ಹಾಲೆಗೂ ಮೊಟ್ಟೆಗೂ ನಂಟಿದೆ. ಬಿಳಿ ಹಾಲೆಯ ಲೆಗ್‌ಹಾರ್ನ್ ಬಿಳಿ ಮೊಟ್ಟೆ ಇಡುತ್ತದೆ. ಕೆಂಪು ಹಾಲೆಯ ರೋಡ್ ಐಲೆಂಡ್ ರೆಡ್, ಪ್ಲಿಮತ್ ರಾಕ್ ಕಂದು ಮೊಟ್ಟೆ ಇಡುತ್ತವೆ. ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ಇಂಗ್ಲೆಂಡಿನ ಡಾರ್ಕಿಂಗ್ ತಳಿಯದು ಕೆಂಪು ಹಾಲೆ, ಮೊಟ್ಟೆ ಮಾತ್ರ ಬಿಳಿ. ಅದರ ಕಾಲಲ್ಲಿ ಐದು ಬೆರಳು ಬೇರೆ, ಉಳಿದ ಹೆಚ್ಚಿನ ತಳಿಗಳಿಗೆ ನಾಲ್ಕೇ.

ಜುಟ್ಟಿನ ಬಗೆಗಳು ತಳಿಶಾಸ್ತ್ರದ ಪೇಪರ್‌ಗೂ ಬರುತ್ತವೆ. ಗುಲಾಬಿ ಜುಟ್ಟು ಚಪ್ಪಟೆ, ಮೇಲೆಲ್ಲ ಸಣ್ಣ ಗುಬುಟು. ಬಟಾಣಿ ಜುಟ್ಟಿನಲ್ಲಿ ತಗ್ಗಾದ ಮೂರು ಸಾಲು. ಶುದ್ಧ ಗುಲಾಬಿಗೆ ಶುದ್ಧ ಬಟಾಣಿ ಸೇರಿಸಿದರೆ ಮರಿಗಳಿಗೆಲ್ಲ ಅಕ್ರೋಟ್ ಜುಟ್ಟು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಹದಿನಾರಕ್ಕೆ ಸರಾಸರಿ ಅಕ್ರೋಟ್ 9, ಗುಲಾಬಿ 3, ಬಟಾಣಿ 3, ಒಂಟಿ 1. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ ತೋರಿಸಿಕೊಟ್ಟದ್ದು ಇದನ್ನೇ. ಹಿಂದಿನ ಎರಡು ಪೀಳಿಗೆಯಲ್ಲಿ ಎಲ್ಲೂ ಕಾಣದ ಒಂಟಿ ಜುಟ್ಟು ಹೀಗೆ ದಿಢೀರನೆ ಹಣಕಿದ್ದು ಯಾಕೆ ಎಂದೇ ಪ್ರಶ್ನೆ ಕೇಳುತ್ತಾರೆ.

ಬಟಾಣಿ ಜುಟ್ಟಿಗೆ ಒಳ್ಳೆಯ ಉದಾಹರಣೆ ನಮ್ಮ ಅಸೀಲ್. ಉದ್ದ ಕತ್ತು, ದಪ್ಪ ಕೊಕ್ಕು, ಗಟ್ಟಿ ಕಾಲು, ಸೆಟೆದ ನಿಲುವು; ಗಂಟಲ ಕೆಳಗೆ ಜೋಲು ಇಲ್ಲವೆಂದೇ ಹೇಳಬಹುದು. ಕಾಳಗದ ಹುಂಜ ಎಂದು ಹೆಸರಾದರೂ ಹೇಂಟೆ ಕಾವು ಕೂರುವುದರಲ್ಲಿ ಜಾಣೆ. ಮೊಟ್ಟೆ ಮಾತ್ರ ಕಡಿಮೆ. ಇಂಗ್ಲೆಂಡಿನ ಕಾರ್ನಿಷ್ ತಳಿ ಕಟ್ಟಲು ಈ ಅಸೀಲ್ ರಕ್ತ ಬಳಸಿದರು. ಇಂದಿನ ಬ್ರಾಯ್ಲರ್‌ನ, ಅಂದರೆ ಮಾಂಸದ ಫಾರಂ ಕೋಳಿಯ, ಗಂಡಿನ ಕಡೆಯ ಮೂಲ ಕಾರ್ನಿಷ್, ಹೆಣ್ಣಿನ ಕಡೆಯದು ನಾನು ತಪ್ಪಿದ ಆ ಪ್ಲಿಮತ್ ರಾಕ್. ಫಾರಂ ಕೋಳಿ ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಿ ನೋಡಿ.

ಕಡಕ್‌ನಾಥ್ ಬಗ್ಗೆ ಎರಡೇ ಮಾತು. ಮಧ್ಯಪ್ರದೇಶದ ಝಾಬುವಾದ್ದು, 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚರ್ಮ, ಮಾಂಸ, ನಾಲಿಗೆ ಎಲ್ಲ ಕಪ್ಪು. ಮೊಟ್ಟೆ ಕಪ್ಪಲ್ಲ, ತಿಳಿ ಕಂದು.

ಬಣ್ಣವನ್ನೇ ನಂಬಿದವರು ಪೂರ್ತಿ ಸೋಲುವುದು ಗಿರಿರಾಜದ ಮುಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡು 1989ರಲ್ಲಿ ಬಿಡುಗಡೆಯಾದ ಇದು ಶುದ್ಧ ತಳಿಯಲ್ಲ, ಮಿಶ್ರ ತಳಿ. ಒಂದೇ ಗುಂಪಿನಲ್ಲಿ ಕೆಂಪು, ಕಪ್ಪು, ಚುಕ್ಕೆ ಎಲ್ಲವೂ ಸಿಗುತ್ತವೆ. ವರ್ಷಕ್ಕೆ ಸುಮಾರು 150 ಮೊಟ್ಟೆ, ಆದರೆ ಕಾವಿಗೆ ಕೂರುವ ಗುಣ ಹೋಗಿದೆ. ಮನೆಯಲ್ಲೇ ಮರಿ ಮಾಡಿಸಿದರೂ ತಾಯಿಯ ಗುಣ ಹಾಗೇ ಇಳಿಯುವುದಿಲ್ಲ. 2005ರಲ್ಲಿ ಬಂದ ಸ್ವರ್ಣಧಾರ ಕೋಳಿ ಇದಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಮೈ ಕೊಂಚ ಚಿಕ್ಕದಾದ್ದರಿಂದ ನಾಯಿ, ಬೆಕ್ಕಿನಿಂದ ತಪ್ಪಿಸಿಕೊಳ್ಳುವುದೂ ಸಲೀಸು.

ಇನ್ನು ‘ನಾಟಿ’ ಎಂಬುದು ತಳಿಯ ಹೆಸರೇ ಅಲ್ಲ. ಊರೂರ ಬೆರಕೆ ಕೋಳಿಗಳಿಗೆಲ್ಲ ಅದೇ ಹೆಸರು. ಸಂತೆಯಲ್ಲಿ ಬಣ್ಣದ ಗಿರಿರಾಜವನ್ನೂ ನಾಟಿ ಎಂದೇ ಮಾರುತ್ತಾರೆ. ಅಲ್ಲಿ ತಕ್ಕಡಿ ನೋಡಿ: ಹಿತ್ತಲಲ್ಲಿ ಕೆದಕಿ ತಿಂದ ನಾಟಿ ಹೇಂಟೆ ಒಂದೂವರೆ ಕೆಜಿ ದಾಟುವುದೇ ಅಪರೂಪ, ಮೂರು ಕೆಜಿ ತೂಗಿದರೆ ನಾಟಿ ದರ ಕೊಡಬೇಡಿ.