ಗಾಯವಿದ್ದರೇ ನಂಬುತ್ತೇವೆ

ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದು ಓದುವುದು ನಮ್ಮ ಕೆಲಸ. ಅದು ಶುರುವಾಗುವುದು ಬಟ್ಟೆ ಬದಲಿಸುವುದರಿಂದ. ಮೈಯೆಲ್ಲ ಮುಚ್ಚುವ ಬಿಳಿ ಸೂಟು, ಮಾಸ್ಕು, ಒಂದರ ಮೇಲೊಂದು ಎರಡು ಜೊತೆ ಗ್ಲೌಸು. ಕೋಣೆಯೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚು. ಹಾಗಾಗಿ ಬಾಗಿಲು ತೆರೆದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹೊರಗಿನ ದೂಳು ಒಳಗೆ ಬರುವುದಿಲ್ಲ. ಮೇಜು ಒರೆಸುವುದು ಬ್ಲೀಚಿನಿಂದ. ಕೆಲಸ ಮುಗಿದ ಮೇಲೆ ಅತಿನೇರಳೆ ದೀಪ ಉರಿಯುತ್ತಿರುತ್ತದೆ. ನೋಡಲು ಬಂದವರಿಗೆ ಆಪರೇಷನ್ ಥಿಯೇಟರ್ ನೆನಪಾಗುತ್ತದೆ. ಅಲ್ಲಿ ಜೀವ ಉಳಿಸಬೇಕು. ಇಲ್ಲಿ ಸಾವಿರಾರು ವರ್ಷಗಳ ಹಿಂದೆ ಸತ್ತ ಪ್ರಾಣಿಯ ಮೂಳೆಯನ್ನು ನಮ್ಮ ಉಸಿರಿನಿಂದ, ನಮ್ಮ ತಲೆಹೊಟ್ಟಿನಿಂದ ಉಳಿಸಬೇಕು.

ಈ ಕ್ಷೇತ್ರಕ್ಕೆ ಬಂದ ಹೊಸದರಲ್ಲಿ ನಾನು ಹಿಮಯುಗದ ಬೈಸನ್ ಮೂಳೆಗಳ ಮೇಲೆ ಕೆಲಸ ಮಾಡುತ್ತಿದ್ದೆ. ಪ್ರತಿ ಸರದಿಯಲ್ಲೂ ಒಂದು ಖಾಲಿ ಟ್ಯೂಬನ್ನು ಜೊತೆಗೆ ಓಡಿಸುತ್ತೇವೆ. ಅದಕ್ಕೆ ಎಲ್ಲ ರಾಸಾಯನಿಕಗಳೂ ಬೀಳುತ್ತವೆ, ಮೂಳೆಯ ಪುಡಿ ಮಾತ್ರ ಇಲ್ಲ. ಅದರಲ್ಲಿ ಏನೂ ಸಿಗಬಾರದು. ನನಗೆ ಅದರಲ್ಲಿ ದನದ ಡಿಎನ್‌ಎ ಸಿಕ್ಕಿತು. ಹುಡುಕಿದಾಗ ಗೊತ್ತಾಯಿತು: ನಾವು ಬಳಸುತ್ತಿದ್ದ ಒಂದು ಪ್ರೋಟೀನು ಹಸುವಿನ ರಕ್ತದಿಂದ ತೆಗೆದದ್ದು, ಅದರ ಜೊತೆಗೇ ಡಿಎನ್‌ಎ ಚೂರುಗಳೂ ಬಂದಿದ್ದವು. ಬೈಸನ್ನೂ ದನವೂ ಹತ್ತಿರದ ನೆಂಟರಾದ್ದರಿಂದ ಮೂಳೆಯಿಂದ ಬಂದದ್ದು ಯಾವುದು, ಬಾಟಲಿಯಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಆಗಲಿಲ್ಲ. ಎರಡು ತಿಂಗಳ ಕೆಲಸವನ್ನು ಕಸದ ಡಬ್ಬಿಗೆ ಹಾಕಿದೆ. ಖಾಲಿ ಟ್ಯೂಬಿನ ಮೇಲಿನ ನನ್ನ ಗೌರವ ಅವತ್ತಿನಿಂದ ಕಡಿಮೆಯಾಗಿಲ್ಲ.

ಹಾಗಾದರೆ ಸಿಕ್ಕಿದ ಡಿಎನ್‌ಎ ನಿಜವಾಗಿಯೂ ಹಳೆಯದೇ ಎಂದು ತಿಳಿಯುವುದು ಹೇಗೆ? ಅದರ ಗಾಯಗಳನ್ನು ನೋಡಿ.

ಪ್ರಾಣಿ ಸತ್ತ ಮೇಲೆ ಜೀವಕೋಶಗಳು ಮಾಡುತ್ತಿದ್ದ ಡಿಎನ್‌ಎ ದುರಸ್ತಿ ಕೆಲಸ ನಿಲ್ಲುತ್ತದೆ. ನೀರು ಡಿಎನ್‌ಎಯ ಉದ್ದನೆಯ ಎಳೆಯನ್ನು ತುಂಡರಿಸುತ್ತಾ ಹೋಗುತ್ತದೆ. ಕೋಟಿಗಟ್ಟಲೆ ಅಕ್ಷರಗಳ ಎಳೆ ಕೊನೆಗೆ ಮೂವತ್ತು, ಐವತ್ತು, ಎಪ್ಪತ್ತು ಅಕ್ಷರಗಳ ಚೂರುಗಳಾಗಿ ಉಳಿಯುತ್ತದೆ. ಅಷ್ಟೇ ಅಲ್ಲ, ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಲ್ಲಿ ಸಿ ಒಂದು ಕೆಡುವ ಅಕ್ಷರ. ಅದರಿಂದ ಒಂದು ಅಮೈನೋ ಗುಂಪು ಕಳಚಿಕೊಂಡರೆ ಅದು ಯುರಾಸಿಲ್ ಎಂಬ ಬೇರೆ ಅಕ್ಷರ ಆಗುತ್ತದೆ, ಡಿಎನ್‌ಎ ಓದುವ ಯಂತ್ರ ಅದನ್ನು ಟಿ ಎಂದು ಓದುತ್ತದೆ. ಚೂರಿನ ತುದಿಗಳಲ್ಲಿ ಎಳೆ ಬಿಚ್ಚಿಕೊಂಡಿರುತ್ತದೆ, ಆದ್ದರಿಂದ ಈ ತಪ್ಪು ಅಲ್ಲಿಯೇ ಹೆಚ್ಚು. ಸೆರಗಿನ ಅಂಚು ಮೊದಲು ಬಣ್ಣ ಕಳೆದುಕೊಂಡು ಜಾಳಾಗುವ ಹಾಗೆ. ನಿನ್ನೆ ನನ್ನ ಕೈಯಿಂದ ಬಿದ್ದ ಡಿಎನ್‌ಎಯಲ್ಲಿ ಈ ಗುರುತು ಇರುವುದಿಲ್ಲ. ಚೂರುಗಳು ತೀರಾ ಉದ್ದವಾಗಿ, ಅಂದವಾಗಿ, ತಪ್ಪಿಲ್ಲದೆ ಬಂದರೆ ನಮಗೆ ಖುಷಿಯಾಗುವುದಿಲ್ಲ, ಅನುಮಾನ ಬರುತ್ತದೆ.

ಈ ಅನುಮಾನ ಕಲಿಯಲು ಕ್ಷೇತ್ರಕ್ಕೆ ಸಮಯ ಹಿಡಿಯಿತು. 1984ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅಲನ್ ವಿಲ್ಸನ್ ಅವರ ತಂಡ ಕ್ವಾಗಾದ ಡಿಎನ್‌ಎ ಓದಿತು. ಕ್ವಾಗಾ ಎಂದರೆ ದಕ್ಷಿಣ ಆಫ್ರಿಕಾದ ಅರ್ಧ ಪಟ್ಟೆಯ ಜೀಬ್ರಾ. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಿತು. ಜರ್ಮನಿಯ ಮೈಂಜ್ ಸಂಗ್ರಹಾಲಯದಲ್ಲಿದ್ದ ಚರ್ಮಕ್ಕೆ ಅಂಟಿಕೊಂಡಿದ್ದ ಒಣ ಮಾಂಸದಿಂದ ಅವರು ಓದಿದ್ದು ಬರೀ 229 ಅಕ್ಷರ. ಅಷ್ಟರಿಂದಲೇ ಅದು ಜೀಬ್ರಾಗಳ ನೆಂಟ ಎಂದು ಹೇಳಲು ಸಾಧ್ಯವಾಯಿತು. ಬಾಗಿಲು ತೆರೆದ ಮೇಲೆ ಅವಸರವೂ ಒಳಗೆ ನುಗ್ಗಿತು. 1994ರಲ್ಲಿ ಎಂಟು ಕೋಟಿ ವರ್ಷ ಹಳೆಯ ಮೂಳೆಯ ಡಿಎನ್‌ಎ ಎಂದು ಪ್ರಕಟವಾದದ್ದು ಆಮೇಲೆ ಮನುಷ್ಯರದೇ ಎಂದು ತೇಲಿತು.

ಮೂಳೆಯಲ್ಲಿ ಎಲ್ಲಿ ಕೊರೆಯಬೇಕು ಎನ್ನುವುದೂ ಒಂದು ವಿದ್ಯೆ. ಒಳಕಿವಿಯನ್ನು ಸುತ್ತುವರಿದ ಮೂಳೆ ದೇಹದಲ್ಲೇ ಅತಿ ಗಟ್ಟಿ, ಅದು ಸಿಕ್ಕರೆ ಅದೃಷ್ಟ. ಇಲ್ಲವೆಂದರೆ ಹಲ್ಲು. ಡ್ರಿಲ್ ನಿಧಾನವಾಗಿ ತಿರುಗಬೇಕು. ಜೋರು ಮಾಡಿದರೆ ಬಿಸಿಯಾಗಿ, ಉಳಿದಿದ್ದ ಚೂರೂ ಹಾಳಾಗುತ್ತದೆ. ನಮಗೆ ಬೇಕಾದ್ದು ಚಿಟಿಕೆ ಪುಡಿ, ಐವತ್ತು ಮಿಲಿಗ್ರಾಮ್ ಆದರೂ ಸಾಕು. ಇಡಿಟಿಎ ಎಂಬ ರಾಸಾಯನಿಕ ಸುಣ್ಣದಂಶವನ್ನು ಕರಗಿಸುತ್ತದೆ, ಪ್ರೋಟೀನೇಸ್ ಕೆ ಎಂಬ ಕಿಣ್ವ ಪ್ರೋಟೀನನ್ನು ಜೀರ್ಣಿಸುತ್ತದೆ. ರಾತ್ರಿಯಿಡೀ ನೆನೆದ ಮೇಲೆ ದ್ರಾವಣವನ್ನು ಸಿಲಿಕಾ ಪದರದ ಮೂಲಕ ಹರಿಸಿದರೆ ಡಿಎನ್‌ಎ ಅದಕ್ಕೆ ಅಂಟಿಕೊಳ್ಳುತ್ತದೆ. ಹಳೆಯ ವಿಧಾನಗಳಲ್ಲಿ ತೀರಾ ಚಿಕ್ಕ ಚೂರುಗಳು ಅಂಟದೆ ತೊಳೆದ ನೀರಿನ ಜೊತೆ ಸಿಂಕಿಗೆ ಹೋಗುತ್ತಿದ್ದವು. ಅತಿ ಹಳೆಯ ಮೂಳೆಯಲ್ಲಿ ಇರುವುದೇ ಆ ಚಿಕ್ಕ ಚೂರುಗಳು! 2013ರಲ್ಲಿ ಜರ್ಮನಿಯ ಲೈಪ್‌ಜಿಗ್ ತಂಡ ದ್ರಾವಣದ ಪ್ರಮಾಣವನ್ನು ಬದಲಿಸಿ ಅವನ್ನೂ ಹಿಡಿಯಿತು. ಸ್ಪೇನಿನ ಗುಹೆಯೊಂದರ ಮೂರು ಲಕ್ಷ ವರ್ಷಕ್ಕೂ ಹಳೆಯ ಗುಹಾಕರಡಿಯ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಕೊಡುವ ಭಾಗ) ಡಿಎನ್‌ಎ ಓದಲು ಸಾಧ್ಯವಾದದ್ದು ಹಾಗೆ. ಅದಕ್ಕಿಂತ ಮುಂಚೆ ನಾವೆಲ್ಲ ಎಷ್ಟು ಚರಂಡಿಗೆ ಸುರಿದೆವೋ ಎಂದು ಈಗಲೂ ಸಂಕಟವಾಗುತ್ತದೆ.

ಸಿಕ್ಕ ಚೂರುಗಳಲ್ಲಿ ಹೆಚ್ಚಿನವು ಮಣ್ಣಿನ ಬ್ಯಾಕ್ಟೀರಿಯಾಗಳವು. ನಮ್ಮ ಪ್ರಾಣಿಯದನ್ನು ಆರಿಸಲು ಬದುಕಿರುವ ನೆಂಟನ ಪೂರ್ಣ ಜೀನೋಮ್, ಅಂದರೆ ಅದರ ಡಿಎನ್‌ಎಯ ಎಲ್ಲ ಅಕ್ಷರಗಳೂ, ಬೇಕು. ಅಳಿದುಹೋದ ಆನೆಜಾತಿಯ ಮ್ಯಾಮತ್ ಆದರೆ ಆನೆಯದು. ಒಂದೊಂದು ಚೂರನ್ನೂ ಕಂಪ್ಯೂಟರ್ ಅದರ ಮೇಲಿಟ್ಟು ಹೊಂದಿಸುತ್ತದೆ. ತೀರಾ ಚಿಕ್ಕದಾದರೆ ಎಲ್ಲಿ ಬೇಕಾದರೂ ಹೊಂದಿಬಿಡುತ್ತದೆ, ಅಂಥದ್ದನ್ನು ಬಿಡಲೇಬೇಕು. 2021ರಲ್ಲಿ ಸ್ಟಾಕ್‌ಹೋಮ್‌ನ ಲವ್ ದಾಲೆನ್ ಮತ್ತು ಸಂಗಡಿಗರು ಸೈಬೀರಿಯಾದ ಮೂರು ಮ್ಯಾಮತ್ ದವಡೆಹಲ್ಲುಗಳನ್ನು ಓದಿದರು. ಅವುಗಳಲ್ಲಿ ಎರಡು ಹತ್ತು ಲಕ್ಷ ವರ್ಷಕ್ಕೂ ಹಳೆಯವು. ಕ್ರೆಸ್ಟೊವ್ಕಾ ಎಂಬಲ್ಲಿಯ ಹಲ್ಲಿನಿಂದ ದಕ್ಕಿದ್ದು 4.9 ಕೋಟಿ ಅಕ್ಷರ, ಅಡೀಚಾ ಎಂಬಲ್ಲಿಯದರಿಂದ 88.4 ಕೋಟಿ. ಇಡೀ ಜೀನೋಮ್ ಮುನ್ನೂರು ಕೋಟಿಗೂ ಮೇಲೆ. ತುಣುಕು ತುಣುಕೇ ಇರಬಹುದು, ಆದರೂ ಕ್ರೆಸ್ಟೊವ್ಕಾದ್ದು ಯಾರಿಗೂ ಗೊತ್ತಿಲ್ಲದ ಒಂದು ವಂಶ ಎಂದೂ, ಉತ್ತರ ಅಮೆರಿಕದ ಕೊಲಂಬಿಯನ್ ಮ್ಯಾಮತ್ ಆ ವಂಶ ಮತ್ತು ಉಣ್ಣೆ ಮ್ಯಾಮತ್ ವಂಶ ಬೆರೆತು ಹುಟ್ಟಿದ್ದು ಎಂದೂ ಅದರಿಂದ ತಿಳಿಯಿತು. ಎರಡು ಪ್ರಭೇದ ಕೂಡಿ ಮೂರನೆಯದು ಹುಟ್ಟಿದ ಕತೆಯನ್ನು ಒಂದು ಹಲ್ಲು ಹೇಳುತ್ತದೆ ಎಂಬುದು ನನಗೆ ಇವತ್ತಿಗೂ ರೋಮಾಂಚನ.

ಊರಿಗೆ ಬಂದಾಗ ಕೇಳುತ್ತಾರೆ, ನಮ್ಮ ಕಡೆ ಸಿಗುವ ಹಳೆಯ ಮೂಳೆಗಳಿಂದಲೂ ತೆಗೆಯಬಹುದಲ್ಲ ಎಂದು. ಕಷ್ಟ. ವಯಸ್ಸಿಗಿಂತ ಬಿಸಿಲು ದೊಡ್ಡ ಶತ್ರು. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಲಕ್ಷಾಂತರ ವರ್ಷ ಬಾಳಿದ್ದು, ನಮ್ಮ ಎರೆಮಣ್ಣಿನಲ್ಲಿ, ಮಳೆ ಮತ್ತು ಬೇಸಗೆಯ ನಡುವೆ, ಕೆಲವೇ ಸಾವಿರ ವರ್ಷಗಳಲ್ಲಿ ಅಳಿದುಹೋಗಬಹುದು. ಆದರೆ ಕಪಾಟಿನಲ್ಲಿರುವುದು ಬೇರೆ ಮಾತು. ಭಾರತದಲ್ಲಿ ಚೀತಾ ಅಳಿದಿದೆ ಎಂದು 1952ರಲ್ಲಿ ಘೋಷಿಸಲಾಯಿತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ) ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು ಕೋಲ್ಕತ್ತದಲ್ಲಿದ್ದ ಚೀತಾ ಚರ್ಮ ಮತ್ತು ಮೈಸೂರಿನ ಸಂಗ್ರಹಾಲಯದಲ್ಲಿದ್ದ ಮೂಳೆಯಿಂದ ಮೈಟೊಕಾಂಡ್ರಿಯಾ ಡಿಎನ್‌ಎ ತೆಗೆದರು. ಏಷ್ಯಾದ ಚೀತಾ ಮತ್ತು ಆಫ್ರಿಕಾದ ಚೀತಾ ಬೇರೆಯಾಗಿ ಹತ್ತಾರು ಸಾವಿರ ವರ್ಷಗಳೇ ಆಗಿವೆ ಎಂದು ಅದು ತೋರಿಸಿತು.

ಅದಕ್ಕೇ ಕಾಲೇಜು, ಸಂಗ್ರಹಾಲಯಗಳಲ್ಲಿ ಹಳೆಯ ಮೂಳೆ, ಚರ್ಮ ಇಟ್ಟುಕೊಂಡವರಲ್ಲಿ ನನ್ನ ವಿನಂತಿ. ಅವನ್ನು ಕುದಿಸಬೇಡಿ, ವಾರ್ನಿಷ್ ಬಳಿಯಬೇಡಿ. ಮಾದರಿಯನ್ನು ದ್ರವದಲ್ಲಿ ಇಡಲೇಬೇಕಾದರೆ ಫಾರ್ಮಾಲಿನ್ ಬೇಡ, ಆಲ್ಕೋಹಾಲ್ ಇರಲಿ. 1909ರಲ್ಲಿ ಆಲ್ಕೋಹಾಲಿನಲ್ಲಿಟ್ಟ ಥೈಲಸೀನ್ (ಈಗ ಅಳಿದುಹೋಗಿರುವ ಟ್ಯಾಸ್ಮೇನಿಯಾದ ಹುಲಿ) ಮರಿಯೊಂದರಿಂದ 2017ರಲ್ಲಿ ಇಡೀ ಜೀನೋಮ್ ಸಿಕ್ಕಿತು. ಫಾರ್ಮಾಲಿನ್ ಆಗಿದ್ದರೆ ಡಿಎನ್‌ಎಯನ್ನು ಪ್ರೋಟೀನಿಗೆ ಹೊಲಿದುಬಿಡುತ್ತಿತ್ತು. ತಂಪಾದ, ಒಣಗಿದ ಜಾಗದಲ್ಲಿಡಿ, ಮುಟ್ಟುವಾಗ ಗ್ಲೌಸ್ ಹಾಕಿ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿ, ಯಾವಾಗ ಎಂದು ಬರೆದ ಚೀಟಿ ಮೂಳೆಯ ಜೊತೆಗೇ ಇರಲಿ. ಸೈಬೀರಿಯಾದ ಆ ಹಲ್ಲುಗಳನ್ನು ರಷ್ಯಾದ ಆಂದ್ರೇ ಶೇರ್ 1970ರ ದಶಕದಲ್ಲಿ ಕೂಡಿಟ್ಟಿದ್ದರು. ಯಾವ ಹಲ್ಲು ಯಾವ ಮಣ್ಣಿನ ಪದರದ್ದು ಎಂದು ಅವರು ಗುರುತಿಟ್ಟಿದ್ದರಿಂದಲೇ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಅವುಗಳ ವಯಸ್ಸು ಹೇಳಲು ಆಯಿತು.