ಬರೀ ಕೇಳುತ್ತ ಕೂತರೂ ಸೆಲ್ ಖಾಲಿಯಾಗುತ್ತದೆಯೇ?

ಓದುಗರ ಪ್ರಶ್ನೆ: ಓಡುವಾಗ ಎದೆಗೆ ಹಾರ್ಟ್‌ರೇಟ್ ಪಟ್ಟಿ ಕಟ್ಟಿಕೊಳ್ಳುತ್ತೇನೆ. ಅದರ ಕೆಲಸ ಫೋನಿಗೆ ಲೆಕ್ಕ ಕಳಿಸುವುದು, ಅಷ್ಟೇ. ಮತ್ತೆ ಅದಕ್ಕೆ ರಿಸೀವರ್ ಯಾಕೆ ಬೇಕು? ಸೆಲ್ ತಿನ್ನುವುದು ಕಳಿಸುವ ಕೆಲಸ ತಾನೇ?

ಕೂಗುವವನಿಗೆ ಸುಸ್ತು, ಕೇಳುವವನಿಗೇನು ಕಷ್ಟ ಅಂತ ನಮಗೆಲ್ಲ ಅನ್ನಿಸುತ್ತದೆ. ರೇಡಿಯೊ ಚಿಪ್‌ನ ಸಂಸಾರ ಬೇರೆ. ಇಂಥ ಸಾಧನಗಳಲ್ಲಿ ಬಳಕೆಯಾಗುವ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52832 ಚಿಪ್ ನೋಡಿ: 1 ಮಿಲಿವಾಟ್‌ನಲ್ಲಿ ಕಳಿಸುವಾಗ ಅದು ಎಳೆಯುವುದು 5.3 ಮಿಲಿಆಂಪ್, ಕೇಳುವಾಗ 5.4. ನಿಮ್ಮ ಪಟ್ಟಿಯೊಳಗೆ ಸಾಮಾನ್ಯವಾಗಿ ಇರುವ ಸಿಆರ್2032 ಸೆಲ್‌ನ ದಾಸ್ತಾನು ಸುಮಾರು 225 ಮಿಲಿಆಂಪ್-ಅವರ್. ಭಾಗಿಸಿದರೆ 41 ಗಂಟೆ ಚಿಲ್ಲರೆ. ಒಂದೇ ಸಮನೆ ಕೇಳುತ್ತ ಕೂತರೆ ಎರಡು ದಿನವೂ ಬಾಳುವುದಿಲ್ಲ.

ಬರುವ ಸಿಗ್ನಲ್ ಅಷ್ಟು ಬಡಕಲು. ಒಂದು ವಾಟಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಬಂದರೂ ಅದನ್ನು ಗದ್ದಲದಿಂದ ಬಿಡಿಸಿ ಎತ್ತಬೇಕು. ಎತ್ತುವ ಆಂಪ್ಲಿಫೈಯರ್‌ಗೆ ಕರೆಂಟ್ ಕಡಿಮೆ ಕೊಟ್ಟರೆ ಅದು ತಾನೇ ಗದ್ದಲ ಶುರು ಮಾಡುತ್ತದೆ. ಜೊತೆಗೆ ಸೆಕೆಂಡಿಗೆ 240 ಕೋಟಿ ಸಲ ತೂಗುತ್ತ ರಿಸೀವರಿಗೆ ತಾಳ ಹಾಕಿಕೊಡುವ ಆಸಿಲೇಟರನ್ನೂ ಸಾಕಬೇಕು.

ಹಾಗಾದರೆ ರಿಸೀವರನ್ನೇ ಕಿತ್ತೆಸೆಯಬಾರದೇ? ಪಟ್ಟಿಯೂ ಫೋನೂ ಮಾತಾಡಿಕೊಳ್ಳುವ ಬ್ಲೂಟೂತ್ ಲೋ ಎನರ್ಜಿ ಎಂಬ ಕಡಿಮೆ ಕರೆಂಟಿನ ರೇಡಿಯೊ ಪದ್ಧತಿಯಲ್ಲಿ ಸಂಪರ್ಕ ಆದಮೇಲೆ ಪ್ರತಿ ಸಲ ಮೊದಲು ಮಾತಾಡುವುದು ಫೋನ್. ಪಟ್ಟಿ ಅದನ್ನು ಕೇಳಿಸಿಕೊಂಡು, 150 ಮೈಕ್ರೊಸೆಕೆಂಡ್ ತಡೆದು ಉತ್ತರ ಕೊಡುತ್ತದೆ. ಕೇಳದೆ ಮಾತಿಲ್ಲ. ರಿಸೀವರ್ ಬಿಡುವಂತಿಲ್ಲ, ಆದ್ದರಿಂದ ಸೆಲ್ ಉಳಿಸಲು ಉಳಿದ ಹೊತ್ತೆಲ್ಲ ನಿದ್ದೆ. ಸೆಕೆಂಡಿಗೊಮ್ಮೆ 3 ಮಿಲಿಸೆಕೆಂಡ್ ಎದ್ದು 5 ಮಿಲಿಆಂಪ್ ತಿಂದರೆ ಸರಾಸರಿ 15 ಮೈಕ್ರೊಆಂಪ್. ರೇಡಿಯೊ ಒಂದರ ಮಟ್ಟಿಗೆ ಅದೇ ಸೆಲ್ ಒಂದೂವರೆ ವರ್ಷ ದಾಟುತ್ತದೆ.

ಆದರೆ ಸರಿಯಾದ ಗಳಿಗೆಗೆ ಏಳಬೇಕಲ್ಲ! ಎರಡೂ ಕಡೆಯ ಗಡಿಯಾರ ಹತ್ತು ಲಕ್ಷಕ್ಕೆ 50ರಷ್ಟು ತಪ್ಪಿದರೆ, ಒಂದು ಸೆಕೆಂಡ್ ಮಲಗಿದ್ದಕ್ಕೆ 100 ಮೈಕ್ರೊಸೆಕೆಂಡ್ ಮೊದಲೇ ಎದ್ದು ಕಾಯಬೇಕಾಗುತ್ತದೆ. ಬಸ್ಸನ್ನು ನಂಬದವರು ಸ್ಟಾಪಿಗೆ ಮುಂಚೆ ಹೋಗಿ ನಿಲ್ಲುತ್ತಾರಲ್ಲ, ಹಾಗೆ. ನಿದ್ದೆ ಉದ್ದವಾದಷ್ಟೂ ಕಾಯುವುದೂ ಉದ್ದ.

ಮೈಯದೂ ಒಂದು ಕಾಟವಿದೆ. 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ಹೀರುತ್ತದೆ, ನಾವೋ ಹೆಚ್ಚುಕಡಿಮೆ ನೀರಿನ ಮೂಟೆ. ಪಟ್ಟಿ ಎದೆಯ ಮೇಲೆ, ಫೋನ್ ಹಿಂದಿನ ಜೇಬಿನಲ್ಲಿ ಇದ್ದರೆ ನಡುವೆ ನೀವೇ ಗೋಡೆ. ಪ್ಯಾಕೆಟ್, ಅಂದರೆ ಒಂದು ಸಲ ಕಳಿಸುವ ಮಾಹಿತಿಯ ಕಟ್ಟು, ಬಿದ್ದುಹೋದರೆ ಮತ್ತೆ ಕೇಳು, ಮತ್ತೆ ಕಳಿಸು. ಮೈಮೇಲಿನ ಸಾಧನಗಳ ಮಾತುಕತೆಗೆಂದು ಎಂಜಿನಿಯರುಗಳ ಸಂಸ್ಥೆ ಐಇಇಇ ಮಾಡಿದ 2012ರ 802.15.6 ಮಾನದಂಡ ಈ ಮೈಯನ್ನೇ ತಂತಿಯಾಗಿಸಿಕೊಂಡು 21 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ದಾರಿಯನ್ನೂ ಸೇರಿಸಿಕೊಂಡಿದೆ.

ನನಗೆ ಇಷ್ಟವಾದ ಉಪಾಯ ವೇಕ್-ಅಪ್ ರಿಸೀವರ್. ಶಾಲೆಯಲ್ಲಿ ಡಯೋಡ್, ತಂತಿ ಸುರುಳಿ ಹಾಕಿ ಸೆಲ್ ಇಲ್ಲದ ಕ್ರಿಸ್ಟಲ್ ರೇಡಿಯೊ ಮಾಡಿದವರಿಗೆ ಇದು ಹಳೆ ಪರಿಚಯ. ಆಸಿಲೇಟರ್ ಇಲ್ಲ, ಅಲೆ ಬಂತೋ ಇಲ್ಲವೋ ಅಷ್ಟು ಮಾತ್ರ ಡಯೋಡ್ ಥರದ ಭಾಗ ಹೇಳುತ್ತದೆ, ಗೊತ್ತುಮಾಡಿದ ಸಂಕೇತ ಹೊಂದಿದರೆ ದೊಡ್ಡ ರಿಸೀವರನ್ನು ತಟ್ಟಿ ಎಬ್ಬಿಸುತ್ತದೆ. ಮೈಕ್ರೊವಾಟ್, ಕೆಲವೊಮ್ಮೆ ನ್ಯಾನೊವಾಟ್‌ಗಳಲ್ಲೇ ಇದು ದಿನವಿಡೀ ಎಚ್ಚರ. ಆದರೆ ಕಿವಿ ಮಂದ, ಹತ್ತಿರದ ಗಟ್ಟಿ ದನಿಯಷ್ಟೇ ಕೇಳುತ್ತದೆ. ಮೈಮೇಲಿನ ಎರಡು ಸೆನ್ಸರ್‌ಗಳ ನಡುವೆ ಅಷ್ಟು ಸಾಕಾಗಬಹುದು.

ಇನ್ನು ನಿಮ್ಮ ಸೆಲ್ ಬೇಗ ಮುಗಿಯುತ್ತಿದ್ದರೆ, ರಿಸೀವರನ್ನು ದೂರುವ ಮೊದಲು ಬಟ್ಟೆ ಒಣಹಾಕುವ ತಂತಿ ನೋಡಿ. ನಾನೊಮ್ಮೆ ಪಟ್ಟಿ ಒಗೆದು, ಚಿಪ್, ಸೆಲ್ ಇರುವ ಡಬ್ಬಿ ಬಿಚ್ಚದೆ ನೇತುಹಾಕಿದ್ದೆ. ಒದ್ದೆ ಬಟ್ಟೆ ಎದೆಬಡಿತ ಹಿಡಿಯುವ ಎರಡು ಎಲೆಕ್ಟ್ರೋಡ್‌ಗಳನ್ನು ಬೆಸೆದಿತ್ತು. ಯಾರೋ ಕಟ್ಟಿಕೊಂಡಿದ್ದಾರೆ ಅಂದುಕೊಂಡ ಡಬ್ಬಿ ಒಣಗುವ ತನಕ ಫೋನಿಗಾಗಿ ಕೂಗುತ್ತಲೇ ಇತ್ತು. ನಾಲ್ಕು ವಾರ ಹೀಗೇ ಒಗೆದಿದ್ದೇನೆ. ಈಗ ಟಿಚ್ ಬಟನ್ ಕಳಚಿ, ಡಬ್ಬಿ ಒರೆಸಿಟ್ಟು, ಆಮೇಲೆ ಪಟ್ಟಿಯನ್ನು ನೀರಿಗೆ ಹಾಕುತ್ತೇನೆ.